ಎಣಿಸುವವರು

“ಒಂದು, ಎರಡು…” ಎಂದು ಮೂವರೂ ಒಟ್ಟಿಗೇ ಶುರು ಮಾಡಿದರು, ಆದರೆ ಮೂವರದೂ ಬೇರೆ ಬೇರೆ ವೇಗ. ಹಾಡು ಹೊಸ್ತಿಲಲ್ಲೇ ಮುಗ್ಗರಿಸಿತು. ಗಾಯಕಿ, ಗಿಟಾರಿನವನು, ಬೇಸ್ ನುಡಿಸುವ ದಪ್ಪಣ್ಣ ಮೂವರೂ ಒಡೆದುಹೋದ ಮೂರು ರಾಕ್ ಬ್ಯಾಂಡುಗಳ ಯಜಮಾನರು; ಈಗ ಒಟ್ಟಾಗಿ ಹೊಸ ಬ್ಯಾಂಡ್ ಕಟ್ಟಹೊರಟಿದ್ದರು. ಎಣಿಸಿ ಹಾಡು ಶುರು ಮಾಡಿಸುವುದು ಅವರವರ ಹಳೆಯ ಬ್ಯಾಂಡಿನಲ್ಲಿ ಅವರದೇ ಹಕ್ಕಾಗಿತ್ತು.

“ಸೂಪರ್‌ಗ್ರೂಪ್ ಅಂದ್ರೆ ಇದೇನಾ?” ಗಾಯಕಿ ಮೈಕ್ ಕೆಳಗಿಳಿಸಿದಳು. “ಎಲ್ಲರೂ ಪಲ್ಲಕ್ಕಿ ಹತ್ತಿದ್ರೆ ಹೊರೋರ್ಯಾರು?”

“ನಾನು ಹೊರ್ತೀನಿ, ಮೈ ನೋಡಿದ್ರೆ ಗೊತ್ತಾಗಲ್ವಾ?” ಎಂದ ದಪ್ಪಣ್ಣ. “ಆದ್ರೆ ಎಣಿಸೋದು ನಾನೇ.”

“ಸಾಕು ಬಿಡ್ರಪ್ಪ, ಇದು ಆಗೋ ಹೋಗೋ ಮಾತಲ್ಲ.” ಗಿಟಾರಿನವನು ವೈರು ಕೀಳಲು ಬಗ್ಗಿದ.

ಡ್ರಮ್ಮಿನ ಹಿಂದೆ ಕೂತವಳು ಆ ಕೈಯನ್ನೇ ನೋಡಿದಳು. ಗಂಡ ತೀರಿಕೊಂಡ ಮೇಲೆ ಅವಳು ಮನೆಯಿಂದ ಹೊರಗೆ ಕಾಲಿಟ್ಟದ್ದು ಈ ತಾಲೀಮಿನ ಕೋಣೆಗಾಗಿ ಮಾತ್ರ. ಇದೂ ಇಲ್ಲವೆಂದರೆ ಮತ್ತೆ ಅವೇ ನಾಲ್ಕು ಗೋಡೆ. ಗಂಡ ಹೆಂಡತಿ ಇಬ್ಬರೂ ನುಡಿಸುತ್ತಿದ್ದ ಬ್ಯಾಂಡಿನಲ್ಲಿ ಎಣಿಸುತ್ತಿದ್ದವನು ಗಂಡನೇ. ಹಿಂತಿರುಗಿ ಕಣ್ಣು ಮಿಟುಕಿಸಿ ಎಣಿಸಿದ ಮೇಲೆಯೇ ಅವಳ ಕೋಲು ಇಳಿಯುತ್ತಿತ್ತು. ಇವತ್ತೂ ಅದೇ ಅಭ್ಯಾಸಕ್ಕೆ ಕಾದು ಕೂತಿದ್ದಳು. ಯಾರೂ ತಿರುಗಲಿಲ್ಲ.

ಅವಳು ಎರಡೂ ಕೋಲುಗಳನ್ನು ತಲೆಯ ಮೇಲೆತ್ತಿ ಒಂದಕ್ಕೊಂದು ಬಡಿದಳು. ಟಕ್. ಮೂವರೂ ತಿರುಗಿದರು. ಟಕ್. ದಪ್ಪಣ್ಣ ಏನೋ ಹೇಳಹೊರಟವನು ಬಾಯಿ ಮುಚ್ಚಿದ. ಟಕ್. ಗಿಟಾರಿನವನು ವೈರು ಬಿಟ್ಟು ನೆಟ್ಟಗಾದ. ಗಾಯಕಿ ಮೈಕ್ ಎತ್ತಿಕೊಂಡು, ಅವಳತ್ತ ನೋಡಿ ಕಣ್ಣು ಮಿಟುಕಿಸಿದಳು.

ನಾಲ್ಕನೆಯ ಟಕ್ ಬಿದ್ದದ್ದೇ ತಡ, ನಾಲ್ವರೂ ಒಟ್ಟಿಗೆ ಹಾಡಿಗೆ ಇಳಿದರು.