ಐಚ್ಛಿಕ ಪತ್ರಿಕೆ

ಅರ್ಜಿಯ ಮೇಲೆ ಪೆನ್ನಿಟ್ಟ ಅನಂತಲಕ್ಷ್ಮಿಯ ಕೈ ಅಲ್ಲೇ ನಿಂತುಬಿಟ್ಟಿತು. ಮುಳಬಾಗಿಲಿನ ಅಂಚೆ ಕಚೇರಿಯಲ್ಲಿ ಟಪಾಲು ಕಟ್ಟುವುದಕ್ಕೆ ಇನ್ನು ಹತ್ತೇ ನಿಮಿಷ ಉಳಿದಿತ್ತು. ನಲವತ್ತೊಂದನೇ ವಯಸ್ಸಿನಲ್ಲಿ ಅಂಚೆ ಮೂಲಕ ಮನಶ್ಶಾಸ್ತ್ರದ ಎಂ.ಎ. ಓದಲು ಹೊರಟ ಹೈಸ್ಕೂಲು ಮೇಡಂ ಅವಳು. ಅರ್ಜಿಯ ಕೊನೆಯಲ್ಲಿ ಎರಡು ಐಚ್ಛಿಕ ಪತ್ರಿಕೆಗಳಿದ್ದವು: ಶಿಕ್ಷಣ ಮನಶ್ಶಾಸ್ತ್ರ, ಇಲ್ಲವೇ ಮನೋರೋಗ ಶಾಸ್ತ್ರ. ಒಂದನ್ನು ಆರಿಸಬೇಕಿತ್ತು.

“ಮೊದಲನೇದಕ್ಕೆ ಗುರುತು ಹಾಕೇ, ಹೆಡ್‌ಮಿಸ್ಟ್ರೆಸ್ ಆಗೋಕೆ ಅನುಕೂಲ,” ಎಂದರು ಪಕ್ಕದಲ್ಲಿ ನಿಂತಿದ್ದ ಗಂಡ ಪ್ರಹ್ಲಾದರಾಯರು. “ಹುಚ್ಚರ ವಿಷಯ ನಿನಗ್ಯಾಕೆ?”

ಅವಳು ಗುರುತು ಹಾಕಲಿಲ್ಲ. ಹೋದ ತಿಂಗಳಿಂದ, ಪಾಠ ಮಾಡುವಾಗ, ಬೆನ್ನ ಹಿಂದೆ ಯಾರೋ ಹೆಸರು ಹಿಡಿದು ಕರೆದಂತಾಗುತ್ತಿತ್ತು. ತಿರುಗಿ ನೋಡಿದರೆ ಬರೀ ಕರಿಹಲಗೆ. ತವರೂರು ನಂಗಲಿಯಲ್ಲಿ ಅಮ್ಮನಿಗೂ ಶುರುವಾಗಿದ್ದು ಹೀಗೇ, ಹೆಚ್ಚುಕಡಿಮೆ ಇದೇ ವಯಸ್ಸಿನಲ್ಲಿ. ಮದುವೆಯ ಮಾತುಕತೆಯಲ್ಲಿ ಅಪ್ಪ ಅದನ್ನು ಮುಚ್ಚಿಟ್ಟಿದ್ದರು. ಹದಿನೆಂಟು ವರ್ಷ ಅವಳೂ ಮುಚ್ಚಿಟ್ಟಿದ್ದಳು. ಮೊದಲನೆಯದಕ್ಕೆ ಗುರುತು ಹಾಕಿದರೆ ಈಗಲೂ ಯಾರಿಗೂ ಏನೂ ಹೇಳಬೇಕಾಗಿರಲಿಲ್ಲ.

“ರೀ,” ಎಂದಳು. “ನಮ್ಮಮ್ಮ ಬಾವಿಗೆ ಬಿದ್ದಿದ್ದು ಕಾಲು ಜಾರಿ ಅಲ್ಲ. ಒಳಗಿಂದ ಯಾರೋ ಕರೀತಿದಾರೆ ಅಂತ ಹಾರಿದ್ರು.”

ರಾಯರ ಮುಖದ ಬಣ್ಣ ಇಳಿಯಿತು. ಇನ್ನೂ ಗುರುತು ಹಾಕದೆ ನಿಂತಿದ್ದ ಅವಳ ಪೆನ್ನನ್ನು ನೋಡಿದರು. “ನಿನಗೂ... ಕೇಳಿಸ್ತಿದೆಯೇನೇ?”

“ಹೂಂ. ಅದೇನು ಅಂತ ನನಗೆ ಗೊತ್ತಾಗ್ಬೇಕು ಕಣ್ರೀ,” ಎಂದು ಅವಳು ಎರಡನೆಯದಕ್ಕೆ ಗುರುತು ಹಾಕಿದಳು.