ವೈದ್ಯೆಯ ಶಕ್ತಿ

“ವೈದ್ಯೆಗಿ ಶಕ್ತಿ ಭಾಳ ಆಗ್ಯಾದಕ್ಕಾ, ಅರ್ಧ ಕಡಿಮಿ ಮಾಡ್ತೀನಿ. ಯೋಧ, ಮಾಂತ್ರಿಕ ಹೊಡದಾಡ್ತಾರ. ಸುಮ್ನ ಹಿಂದ ನಿಂತಾಕಿಗಿ ಇಷ್ಟ್ಯಾಕ?” ಎಂದ ವಿವೇಕಾನಂದ.

ಶಹಾಬಜಾರದ ಆ ಕೋಣೆಯಲ್ಲಿ ಅಕ್ಕ ತಮ್ಮ ಸೇರಿ ಕಟ್ಟುತ್ತಿದ್ದ ಕಂಪ್ಯೂಟರ್ ಆಟವದು. ಅದರಲ್ಲಿನ ವೈದ್ಯೆಯ ಪಾತ್ರ ಅಕ್ಕ ಅಂಜನಾಳ ಕಲ್ಪನೆಯ ಕೂಸು. ಕಮಲಾಪುರದ ಬಸ್ಸಿಗೆ ಹೊತ್ತಾಗುತ್ತಿದ್ದರೂ ಅವಳಿಗೆ ಏಳಲು ಮನಸ್ಸಾಗಲಿಲ್ಲ. “ಮೊದ್ಲ ಒಮ್ಮಿ ನೀನೇ ಆಕಿ ಆಗಿ ಆಡು. ಆಮ್ಯಾಲ ಕಡಿಮಿ ಮಾಡು.”

ಅಂಜನಾ ಯೋಧನಾಗಿ ರಾಕ್ಷಸನ ಮೇಲೆ ನುಗ್ಗಿದಳು. ಜೊತೆಗಿದ್ದ ಗೆಳೆಯ ರೇವಣ ಮಾಂತ್ರಿಕನಾಗಿ ಬೆಂಕಿ ಎಸೆದ. ವೈದ್ಯೆಯಾಗಿದ್ದ ವಿವೇಕಾನಂದನ ಕಣ್ಣು ಮಾತ್ರ ಅವರಿಬ್ಬರ ತಲೆಯ ಮೇಲೆ ಜೀವ ತೋರಿಸುವ ಹಸಿರು ಪಟ್ಟಿಗಳಿಗೇ ಅಂಟಿಕೊಂಡಿತ್ತು. ವೈದ್ಯೆಯ ಶಕ್ತಿಯಿಂದ ಒಂದನ್ನು ತುಂಬುವಷ್ಟರಲ್ಲಿ ಇನ್ನೊಂದು ಕುಗ್ಗುತ್ತಿತ್ತು. ಕೊನೆಗೂ ರಾಕ್ಷಸ ಉರುಳಿದ.

“ಗೆದ್ವಿ ನೋಡ್ರಿ,” ಎಂದ ರೇವಣ. ಪರದೆಯ ಮೂಲೆಯಲ್ಲಿ ವೈದ್ಯೆ ಸತ್ತು ಬಿದ್ದಿದ್ದಳು.

ವಿವೇಕಾನಂದ ಅವಳನ್ನೇ ನೋಡುತ್ತ ಕುಳಿತ. “ನನ್ನ ಪಟ್ಟಿ ನಾ ನೋಡೇ ಇಲ್ಲಲ್ಲಕ್ಕಾ,” ಎಂದ. “ಇರ್ಲಿ ಬಿಡು. ಆಕಿ ಶಕ್ತಿ ಹಂಗೇ ಇರ್ಲಿ.”