ಬಾನೆಟ್ ಮೇಲಿನ ಕೆಂಪು

"ಇದು ಓಡೋ ಗಾಡಿ ಅಲ್ಲ ಕಣಮ್ಮ! ಇದಕ್ಕೂ ಪೂಜೆ ಬೇಕಿತ್ತಾ?" ಲೋಕೇಶ ಕೂಗಿದ. ಅಪ್ಪ ಮೇಟಗಳ್ಳಿಯಲ್ಲಿ ಓಡಿಸುತ್ತಿದ್ದ ಅಂಬಾಸಿಡರ್ ಟ್ಯಾಕ್ಸಿಯ ಗೇಣುದ್ದದ ಮಾದರಿಗೆ ಅವನು ನಾಲ್ಕು ತಿಂಗಳು ಕೂತು ಬಣ್ಣ ಹಚ್ಚಿದ್ದ. ಆಯುಧಪೂಜೆಯೆಂದು ತಾಯಿ ಇಂದ್ರಮ್ಮ ಅದರ ಬಾನೆಟ್‌ಗೂ ಕುಂಕುಮ ಮೆತ್ತಿ, ಚಕ್ರಕ್ಕಿಂತ ದೊಡ್ಡ ನಿಂಬೆಹಣ್ಣು ಇಟ್ಟಿದ್ದರು.

ಅವನು ಒರೆಸುವ ಬಟ್ಟೆ ಹಿಡಿದು, ಆ ಟ್ಯಾಕ್ಸಿಯ ಫೋಟೊ ತೋರಿಸಿದ. "ನೋಡು, ಇದರಲ್ಲಿರೋ ಒಂದು ಗೀರೂ ಬಿಟ್ಟಿಲ್ಲ."

"ಬಾನೆಟ್ ಮೇಲಿನ ಕೆಂಪು ಬಿಟ್ಟಿದ್ಯಲ್ಲ?"

"ಅದು ಫೋಟೊ ಹಾಳಾಗಿರೋದು!"

"ಹಾಳಾಗಿಲ್ಲ ಕಣೋ. ಅದು ನಾನಿಟ್ಟ ಕುಂಕುಮ. ನಿಮ್ಮಪ್ಪ ವರ್ಷವೆಲ್ಲಾ ಅದನ್ನ ಒರೆಸೋಕೆ ಬಿಡ್ತಿರಲಿಲ್ಲ."

ಲೋಕೇಶ ಬಟ್ಟೆ ಕೆಳಗಿಟ್ಟ. ಫೋಟೊವನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಿದ. "ಹಂಗಾದ್ರೆ ಇನ್ನೊಂಚೂರು ಎಡಕ್ಕೆ ಇಡಬೇಕಿತ್ತು ತಾನೆ?" ಎಂದು ರೇಗುತ್ತಲೇ ಕುಂಕುಮದ ಬಟ್ಟಲನ್ನು ಅಮ್ಮನ ಮುಂದೆ ತಳ್ಳಿದ.